ಅರವತ್ತನಾಲ್ಕು ಮನೆಗೆ ಒಂದೇ ಸೊಂಟ

ಟೇಪಮ್ಮನಿಗೆ ಜನರ ಮುಖ ಮರೆತುಹೋಗುತ್ತಿತ್ತು, ಸೊಂಟ ಮರೆಯುತ್ತಿರಲಿಲ್ಲ.

ಆ ವಸತಿ ಕಟ್ಟಡದಲ್ಲಿ ನಾಲ್ಕು ಮಹಡಿ, ಮಹಡಿಗೆ ಹದಿನಾರು ಮನೆ. ಕೆಳಗೆ, ಮೆಟ್ಟಿಲಿನ ಓರೆ ಚಾವಣಿಯಡಿ, ನೀರಿನ ಮೀಟರುಗಳ ಪಕ್ಕದಲ್ಲಿ ಅವಳ ಹೊಲಿಗೆ ಅಂಗಡಿ. ಯಾರಾದರೂ ಧಡಧಡ ಇಳಿದುಬಂದರೆ ಅವಳ ತಲೆಯ ಮೇಲೆಯೇ ಇಳಿದ ಹಾಗಾಗುತ್ತಿತ್ತು. ಇಪ್ಪತ್ತೆಂಟು ವರ್ಷ ಅಲ್ಲಿ ಕೂತು ಆ ಕಟ್ಟಡದ ಮಕ್ಕಳಿಗೆ ಶಾಲೆಯ ಸಮವಸ್ತ್ರ ಹೊಲಿದಿದ್ದಳು. ಮಕ್ಕಳು ಬೆಳೆದು ಕೆಲಸಕ್ಕೆ ಸೇರಿದ ಮೇಲೆ ಅವರ ಕಾರ್ಖಾನೆಯ ಕೋಟು, ಆಸ್ಪತ್ರೆಯ ಗೌನು, ಕಾವಲುಗಾರನ ಪ್ಯಾಂಟು ಕೂಡ ಅವಳ ಯಂತ್ರದಡಿಯೇ ಹಾದುಹೋಗಿದ್ದವು. ಗಟ್ಟಿ ರಟ್ಟಿನ ಒಂದು ಪುಸ್ತಕದಲ್ಲಿ ಎಲ್ಲರ ಅಳತೆಯೂ ತಾರೀಖಿನ ಸಮೇತ ಇತ್ತು.

ಪಕ್ಕದಲ್ಲೇ ಗಂಡನ ಇಸ್ತ್ರಿ ಮೇಜು. ಅವನು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಸಂಸಾರದ ಪಾಲಿಗೆ ಬಂದ ಮಾತನ್ನೆಲ್ಲ ಹೆಂಡತಿಯೇ ಆಡಿ ಮುಗಿಸುತ್ತಿದ್ದಳು. ಟೇಪು ಸುತ್ತಿದವಳೇ ಅಳತೆಯನ್ನು ಗಟ್ಟಿಯಾಗಿ ಕೂಗಿ, ಅದಕ್ಕೊಂದು ಒಗ್ಗರಣೆ ಹಾಕಿ, ಆಮೇಲೆ ಬರೆದುಕೊಳ್ಳುವುದು ಅವಳ ಪದ್ಧತಿ.

"ಮೂವತ್ತೊಂಬತ್ತು. ಹೋದ ವರ್ಷ ಮೂವತ್ತಾರಿತ್ತು. ಬಟ್ಟೆ ಸಾಲ್ದಿದ್ರೆ ಕಿಟಕಿ ಪರದೆ ಬಿಚ್ಚಿ ಕೊಡಿ, ಸೇರಿಸಿ ಹೊಲೀತೀನಿ."

ಮೆಟ್ಟಿಲ ಮೇಲಿದ್ದವರು ಕೇಳಿ ನಗುತ್ತಿದ್ದರು. ಟೇಪಿನೊಳಗೆ ಸಿಕ್ಕಿಕೊಂಡವರು ನಕ್ಕ ಹಾಗೆ ಮಾಡುತ್ತಿದ್ದರು.

ಇಂಥ ಕಟ್ಟಡಕ್ಕೆ ಆರೋಗ್ಯವನ್ನು ಕರೆತಂದವರು ನಿವಾಸಿಗಳ ಸಂಘದ ಕಾರ್ಯದರ್ಶಿಗಳು. ವಿಮಾ ಕಚೇರಿಯಿಂದ ನಿವೃತ್ತರಾದ ಅವರಿಗೆ ಅರವತ್ತೊಂದು ವರ್ಷ. ಬಾಗಿಲಲ್ಲಿ ಮೊದಲು ಹೊಟ್ಟೆ ಬಂದು, ಕೊಂಚ ತಡೆದು ಅವರು ಬರುತ್ತಿದ್ದರು. ಒಂದು ಭಾನುವಾರ ಎಲ್ಲರನ್ನೂ ಕೆಳಗಿನ ಹಜಾರದಲ್ಲಿ ಸೇರಿಸಿ ವಿಷಯ ತಿಳಿಸಿದರು. ಒಂದು ಕಂಪನಿ ಮತ್ತು ನಗರಸಭೆ ಸೇರಿ ಯೋಜನೆ ತಂದಿವೆ. ಮನೆಗೊಬ್ಬರಂತೆ ಹೆಸರು ಕೊಡಬೇಕು. ನಲವತ್ತು ಪ್ರಶ್ನೆಗೆ ಉತ್ತರ ತುಂಬಿದರೆ, ಏನು ತಿನ್ನಬೇಕು, ಎಷ್ಟು ತಿನ್ನಬೇಕು, ಯಾವಾಗ ಬಾಯಿ ಮುಚ್ಚಬೇಕು ಎಂಬುದು ದಿನಾ ಫೋನಿಗೇ ಬರುತ್ತದೆ.

"ಎಲ್ರಿಗೂ ಒಂದೇ ಮಂತ್ರ ಅಲ್ಲ ಇದು. ನಿಮ್ಮ ನಿಮ್ಮ ದೇಹಕ್ಕೆ ತಕ್ಕ ಹಾಗೆ, ಬೇರೆ ಬೇರೆ ಸಲಹೆ. ಒಬ್ಬರು ಸರಿ ತಿಂದ್ರೆ ಒಂದು ಮನೆ ಸರಿಹೋಗುತ್ತೆ. ಮನೆ ಸರಿಹೋದ್ರೆ ಕಟ್ಟಡ," ಎಂದರು ಕಾರ್ಯದರ್ಶಿಗಳು. ಆರು ತಿಂಗಳಾದ ಮೇಲೆ ಎಲ್ಲರ ಸೊಂಟ ಅಳೆಯುತ್ತಾರೆ. ಯಾವ ಕಟ್ಟಡದ್ದು ಎಲ್ಲಕ್ಕಿಂತ ಹೆಚ್ಚು ಇಳಿದಿದೆಯೋ ಅದಕ್ಕೆ ಬಹುಮಾನವಾಗಿ ಹೊಸ ಲಿಫ್ಟು.

"ಮೆಟ್ಟಿಲು ಹತ್ತಿ ಸಣ್ಣಗಾದವರಿಗೆ, ಇನ್ಮೇಲೆ ಮೆಟ್ಟಿಲು ಹತ್ಬೇಡಿ ಅಂತ ಬಹುಮಾನ," ಎಂದಳು ಟೇಪಮ್ಮ ಹಿಂದಿನ ಸಾಲಿನಿಂದ.

ಯಾರೂ ನಗಲಿಲ್ಲ. ಲಿಫ್ಟು ಎಂದ ಕೂಡಲೇ ನಾಲ್ಕನೇ ಮಹಡಿಯವರ ಕಣ್ಣಲ್ಲಿ ನೀರೇ ಬಂದಿತ್ತು. ಆದರೆ ನಲವತ್ತು ಪ್ರಶ್ನೆ ಎಂದಾಗ ಎಲ್ಲರೂ ಆಕಳಿಸಿದರು. ಕಾರ್ಯದರ್ಶಿಗಳು ದೊಡ್ಡ ಮನಸ್ಸು ಮಾಡಿ, "ಫೋನು ನನ್ನ ಹತ್ರ ಬಿಟ್ಹೋಗಿ, ನಾನೇ ತುಂಬಿಡ್ತೀನಿ," ಎಂದರು. ಜನ ತೂಕ, ಎತ್ತರ, ವಯಸ್ಸನ್ನು ಚೀಟಿಯಲ್ಲಿ ಗೀಚಿ, ಫೋನಿಗೆ ರಬ್ಬರು ಸುತ್ತಿ ಒಂದು ಬಟ್ಟೆ ಬುಟ್ಟಿಗೆ ಹಾಕಿ ಹೋದರು. ಟೇಪಮ್ಮನ ಗಂಡನೂ ತನ್ನದನ್ನು ಹಾಕಿದ. ಮರುದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲ ಫೋನೂ ವಾಪಸು ಬಂದವು. ಅಷ್ಟೊಂದು ಬೇಗ ಹೇಗೆ ಮುಗಿಯಿತೆಂದು ಯಾರೂ ಕೇಳಲಿಲ್ಲ. ಕೆಲಸ ತಪ್ಪಿಸಿಕೊಂಡವರು ಕೆಲಸ ಮಾಡಿದವರನ್ನು ಪ್ರಶ್ನೆ ಕೇಳುವುದುಂಟೇ?

ಸಲಹೆ ಬರತೊಡಗಿತು. ಪ್ರತಿ ಸಂದೇಶದ ಕೆಳಗೂ ಒಂದು ಸಾಲು: ‘ಇದು ನಿಮ್ಮ ದೇಹಕ್ಕೆಂದೇ ರೂಪಿಸಿದ ಸಲಹೆ. ಇತರರೊಂದಿಗೆ ಹಂಚಿಕೊಳ್ಳಬೇಡಿ.’ ಮೊದಲ ದಿನವೇ ಎಲ್ಲರಿಗೂ ತಮ್ಮ ತಮ್ಮ ಗುರಿ ತಿಳಿಯಿತು, ಎಲ್ಲರೂ ಅದನ್ನು ಗುಟ್ಟಾಗಿಟ್ಟರು. ಇಪ್ಪತ್ತೆರಡು ಕೆಜಿ ಇಳಿಸಬೇಕು ಎಂದು ಫೋನು ಹೇಳಿದರೆ ಯಾರು ತಾನೇ ಪಕ್ಕದ ಮನೆಯವರಿಗೆ ಹೇಳಿಕೊಳ್ಳುತ್ತಾರೆ?

ತಿನ್ನುವ ಮುಂಚೆ ತಟ್ಟೆಯ ಫೋಟೊ ಕಳಿಸಿದರೆ ಅಂಕ ಸಿಗುತ್ತಿತ್ತು. ಎರಡನೇ ಮಹಡಿಯಲ್ಲಿದ್ದ ನಿವೃತ್ತ ನರ್ಸಮ್ಮ ಒಳ್ಳೆಯ ಪಿಂಗಾಣಿ ತಟ್ಟೆಯಲ್ಲಿ ಸೌತೆಕಾಯಿ, ಕ್ಯಾರೆಟ್ಟು, ಸೊಪ್ಪನ್ನು ಚೆಂದವಾಗಿ ಜೋಡಿಸಿ ಫೋಟೊ ತೆಗೆದಳು. ಎದುರುಮನೆಯವಳು ಐದು ನಿಮಿಷಕ್ಕೆಂದು ಆ ತಟ್ಟೆ ಇಸಿದುಕೊಂಡಳು. ಆಮೇಲೆ ಅವಳ ಪಕ್ಕದವಳು. ವಾರ ಕಳೆಯುವಷ್ಟರಲ್ಲಿ ಆ ತಟ್ಟೆ ದಿನಾ ಹದಿನಾರು ಮನೆ ಸುತ್ತಿ, ಹದಿನಾರು ಮೇಜಿನ ಮೇಲೆ ಕೂತು, ಸೊಪ್ಪು ಬಾಡಿ ಬತ್ತಿಯಾದ ಮೇಲೆ ನರ್ಸಮ್ಮನ ಮನೆಗೆ ವಾಪಸಾಗುತ್ತಿತ್ತು. ಅದನ್ನು ಅವಳ ಮೊಮ್ಮಗಳ ಮೊಲ ತಿನ್ನುತ್ತಿತ್ತು. ಇಡೀ ಮಹಡಿಯಲ್ಲಿ ಊಟದ ಅಭ್ಯಾಸ ಸುಧಾರಿಸಿದ್ದು ಆ ಮೊಲದ್ದೊಂದೇ.

ಟೇಪಮ್ಮನಿಗೆ ಇದೆಲ್ಲ ಹಬ್ಬದೂಟವಾಗಿತ್ತು. ಪರದೆಯ ಹಿಂದೆ ನಿಂತವರ ಸೊಂಟಕ್ಕೆ ಟೇಪು ಸುತ್ತಿ, "ಫೋಟೊ ತೆಗೆಯೋವಾಗ ತಟ್ಟೆ ಜೊತೆ ನಿಮ್ಮನ್ನೂ ತೆಗೆದು ಕಳ್ಸಿ, ಕಂಪನಿಯವರಿಗೂ ಗೊತ್ತಾಗ್ಲಿ," ಎನ್ನುತ್ತಿದ್ದಳು. ತಿಂಗಳು ಎರಡಾದರೂ ಪುಸ್ತಕದಲ್ಲಿ ಯಾವ ಸೊಂಟವೂ ಅರ್ಧ ಇಂಚು ಇಳಿದಿರಲಿಲ್ಲ.

ಇಳಿದದ್ದು ಒಬ್ಬಳದು ಮಾತ್ರ.

ಅವಳು ಮೂರನೇ ಮಹಡಿಯ ಪುಟ್ಟಿ. ಹೆಸರು ಬೇರೆ ಇದ್ದರೂ, ಮೊದಲ ಸಮವಸ್ತ್ರ ಹೊಲಿಸಲು ಬಂದಾಗಿನಿಂದ ಟೇಪಮ್ಮನಿಗೆ ಅವಳು ಪುಟ್ಟಿಯೇ. ಈಗ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ, ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಹೊಸದಾಗಿ ಹುಟ್ಟಿದ ಹೆಣ್ಣುಮಗು. ಹೆರಿಗೆಯಾಗಿ ಐದನೇ ವಾರ ಕಾರ್ಖಾನೆಯ ಕೋಟನ್ನು ಅಗಲ ಮಾಡಿಸಲು ಬಂದಿದ್ದಳು. ಆಗ ಮೂವತ್ತಮೂರು. ಟೇಪಮ್ಮ ಎಂದಿನಂತೆ ಕೂಗಿ, ಏನೋ ಒಂದು ಮಾತು ಸೇರಿಸಿ ಬರೆದುಕೊಂಡಿದ್ದಳು. ಏನೆಂದಳೋ ಅವಳಿಗೇ ನೆನಪಿಲ್ಲ. ಹತ್ತನೇ ವಾರ ಬಂದಾಗ ಇಪ್ಪತ್ತೊಂಬತ್ತು. ಕೋಟನ್ನು ಮತ್ತೆ ಹಿಡಿಸಬೇಕಾಯಿತು. ಅಷ್ಟರಲ್ಲಿ ಕೆಳಗಿನ ಗೋಡೆಗೆ ಪುಟ್ಟಿಯ ಫೋಟೊ ಬಂದಿತ್ತು. ಕೆಳಗೆ ‘ಈ ತಿಂಗಳ ಮಾದರಿ ಸದಸ್ಯೆ’ ಎಂದು ದಪ್ಪಕ್ಷರ. ಹೆಂಗಸರು ಅವಳನ್ನು ತಡೆದು ಕೆನ್ನೆ ಸವರಿ ಹೋಗುತ್ತಿದ್ದರು.

ರಜೆ ಮುಗಿಯುವ ವಾರ ಅವಳು ಮೂರನೇ ಸಲ ಬಂದಳು. ಕೋಟು ಮತ್ತೆ ಸಡಿಲ. ಟೇಪಮ್ಮ ಟೇಪನ್ನು ಬೆನ್ನ ಹಿಂದಿನಿಂದ ತಂದು ಮುಂದೆ ಕೂಡಿಸುವಾಗ ಅವಳ ಎರಡೂ ಕೈಗೆ ಎಲುಬು ತಾಗಿತು. ಇಪ್ಪತ್ತೈದು. ಮದುವೆಗೆ ಮುಂಚೆಯೂ ಇಪ್ಪತ್ತೆಂಟಕ್ಕಿಂತ ಕಡಿಮೆಯಿದ್ದ ಸೊಂಟವಲ್ಲ ಅದು. ಕೂಗಲೆಂದು ತೆರೆದ ಬಾಯಿ ಹಾಗೇ ಮುಚ್ಚಿತು.

"ಬೆಳಿಗ್ಗೆ ಏನ್ ತಿಂದೆ?"

"ಸೌತೆಕಾಯಿ. ಅರ್ಧ ಸೇಬು."

"ನಿನ್ನೆ ರಾತ್ರಿ?"

"ಏಳು ಗಂಟೆ ಮೇಲೆ ಏನೂ ತಿನ್ಬೇಡ ಅಂದಿದೆ ಫೋನು. ಮಗುನ ಮಲಗಿಸಿ ಎದ್ದೇಳೋ ಹೊತ್ತಿಗೆ ಏಳೂವರೆ ಆಗಿರುತ್ತೆ."

"ಮಗುಗೆ ಹಾಲು?"

"ಸಾಲ್ತಿಲ್ಲ. ಡಬ್ಬಿ ಹಾಲು ಕೊಡ್ತಿದೀನಿ," ಎಂದವಳು ಪರದೆಯನ್ನು ಹಿಡಿದುಕೊಂಡಳು. ಪರದೆ ಕಂಬಿಯ ಸಮೇತ ಕೆಳಗೆ ಬಂತು, ಅದರ ಹಿಂದೆಯೇ ಪುಟ್ಟಿಯೂ. ಟೇಪು ಇನ್ನೂ ಸೊಂಟದಲ್ಲೇ ಇದ್ದುದರಿಂದ ಟೇಪಮ್ಮ ಅದನ್ನೇ ಎಳೆದು ಹಿಡಿದು, ನೆಲಕ್ಕೆ ತಲೆ ಬಡಿಯದಂತೆ ಕೂರಿಸಿದಳು. ಗಂಡ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ತನ್ನ ಫ್ಲಾಸ್ಕಿನ ಹಾಲನ್ನು ಲೋಟಕ್ಕೆ ಬಗ್ಗಿಸಿ, ಸಕ್ಕರೆ ಡಬ್ಬವನ್ನೇ ಅದಕ್ಕೆ ಮಗುಚಿ ಹಾಕಿ ತಂದ.

ಲೋಟ ಖಾಲಿಯಾಗುವವರೆಗೆ ಟೇಪಮ್ಮ ಅದನ್ನು ಹಿಡಿದುಕೊಂಡೇ ಕುಡಿಸಿದಳು. ಆಮೇಲೆ ತಡೆಯಲಾಗಲಿಲ್ಲ.

"ಓದ್ಕೊಂಡ ಹುಡುಗಿ ನೀನು. ಹಾಲುಣಿಸೋ ತಾಯಿ ಸೌತೆಕಾಯಿ ತಿಂದು ಬದುಕ್ತಾಳಾ? ಫೋನು ಹೇಳಿದ್ರೆ ಬಾವಿಗೂ ಹಾರ್ತೀಯಾ?"

"ಬರೀ ಫೋನು ಹೇಳಿದ್ದಕ್ಕಲ್ಲ," ಎಂದಳು ಪುಟ್ಟಿ, ಲೋಟದ ತಳ ನೋಡುತ್ತಾ. "ಅವತ್ತು ನೀವಂದ್ರಿ. ಮಗು ಹೊರಗೆ ಬಂದ್ರೂ ಹೊಟ್ಟೆ ಯಾಕೆ ಇನ್ನೂ ಅಲ್ಲೇ ಬಾಡಿಗೆಗಿದೆ ಅಂತ. ಮೆಟ್ಟಿಲ ಮೇಲೆ ನಮ್ಮ ಕಾರ್ಖಾನೆಯವರಿಬ್ರು ಇದ್ರು, ನಕ್ಕರು. ಮಾರನೇ ವಾರ ಫೋನಲ್ಲಿ ಇಪ್ಪತ್ತೆರಡು ಕೆಜಿ ಅಂತ ಬಂತು. ಇಬ್ರೂ ಒಂದೇ ಮಾತು ಹೇಳ್ತಿದೀರಲ್ಲ, ನಿಜಾನೇ ಇರ್ಬೇಕು ಅನ್ಕೊಂಡೆ."

ನಾಲಿಗೆಗೆ ಎಲುಬಿಲ್ಲ ಎಂದು ಟೇಪಮ್ಮ ಊರಿಗೆಲ್ಲ ಹೇಳುತ್ತಿದ್ದವಳು. ತನ್ನ ನಾಲಿಗೆ ಇನ್ನೊಬ್ಬಳ ಎಲುಬು ಎಣಿಸುವ ಹಾಗೆ ಮಾಡಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಅವಳು ಗಂಡನ ಕಡೆ ನೋಡಿದಳು. ಅವನು ಬಗ್ಗಿ ಪರದೆ ಕಂಬಿ ಎತ್ತಿ ಮೊಳೆಗೆ ಸಿಕ್ಕಿಸುತ್ತಿದ್ದ. ಬೈದಿದ್ದರೆ ವಾಸಿಯಿತ್ತು.

"ನಾನು ಬಾಯಿಬಡುಕಿ," ಎಂದಳು ಕೊನೆಗೆ. "ನನ್ನ ಮಾತು ಕಟ್ಕೊಂಡು ಯಾರಾದ್ರೂ ಉಪವಾಸ ಇರ್ತಾರೇನೇ." ಅದು ಕ್ಷಮೆ ಕೇಳಿದ ಹಾಗಿರಲಿಲ್ಲ ಎಂದು ಅವಳಿಗೇ ಅನಿಸಿತು. ಪುಟ್ಟಿಯ ತಲೆಯ ಮೇಲೆ ಕೈಯಿಟ್ಟು, "ತಪ್ಪಾಯ್ತು ಮಗಳೇ," ಎಂದಳು. ಅರವತ್ತನ್ನು ಮುಟ್ಟುತ್ತಿದ್ದ ಆ ಹೆಂಗಸು ಆ ಮಾತನ್ನು ಹಿಂದೆ ಯಾರಿಗೆ ಹೇಳಿದ್ದಳೋ ಗಂಡನಿಗೂ ನೆನಪಿರಲಿಲ್ಲ. ಅಂದಿನಿಂದ ಅಳತೆ ಕೂಗುವುದು ನಿಂತಿತು. ಉಳಿದ ಬೈಗುಳ ನಿಲ್ಲಲಿಲ್ಲ. ಅದೇನೂ ಅಳತೆಗೆ ಸಂಬಂಧಿಸಿದ್ದಲ್ಲ.

"ಎಲ್ಲಿ, ಆ ಫೋನು ಕೊಡು. ಐವತ್ತು ಚಿಲ್ಲರೆ ಕೆಜಿ ಇರೋಳಿಗೆ ಇಪ್ಪತ್ತೆರಡು ಇಳಿಸು ಅಂದ್ರೆ ಏನು ಲೆಕ್ಕ ಅಂತ ನೋಡೋಣ."

ಹೂವು, ಚಪ್ಪಾಳೆ, ಪದಕಗಳ ಚಿತ್ರವನ್ನೆಲ್ಲ ದಾಟಿಸಿ ಪುಟ್ಟಿ ಒಂದು ಮೂಲೆಯಲ್ಲಿದ್ದ ‘ನಿಮ್ಮ ವಿವರ’ ಎಂಬುದನ್ನು ಒತ್ತಿದಳು. ಅದನ್ನು ಅವಳು ಇದುವರೆಗೆ ಒತ್ತಿಯೇ ಇರಲಿಲ್ಲ. ತನ್ನ ವಿವರ ತನಗೆ ಗೊತ್ತಿಲ್ಲವೇ? ಟೇಪಮ್ಮ ಕನ್ನಡಕ ಏರಿಸಿ ಓದಿದಳು. ಪುರುಷ. ಅರವತ್ತೊಂದು ವರ್ಷ. ಎತ್ತರ ಐದಡಿ ನಾಲ್ಕಿಂಚು. ತೂಕ ತೊಂಬತ್ತನಾಲ್ಕು. ಸೊಂಟ ನಲವತ್ತನಾಲ್ಕು. ಕುತ್ತಿಗೆ ಹದಿನೇಳು.

"ಈ ಕುತ್ತಿಗೆ ನನಗೆ ಗೊತ್ತು," ಎಂದಳು. "ಇದಕ್ಕೆ ನಾನು ಹನ್ನೆರಡು ಕಾಲರು ಹೊಲಿದಿದೀನಿ. ರೀ, ನಿಮ್ಮ ಫೋನು ತೆಗೀರಿ."

ಗಂಡನ ಫೋನಿನಲ್ಲೂ ಅದೇ ಅರವತ್ತೊಂದು, ಅದೇ ತೊಂಬತ್ತನಾಲ್ಕು. ಟೇಪಮ್ಮ ಮೆಟ್ಟಿಲು ಹತ್ತಿ ನರ್ಸಮ್ಮನ ಮನೆಗೆ ಹೋದಳು. ಅಲ್ಲೂ ಅದೇ ಗಂಡಸು. ಹದಿನಾರು ಬಾಗಿಲು ತಟ್ಟಿದಳು. ಪ್ರತಿ ಮನೆಯಲ್ಲೂ ಫೋನಿನೊಳಗೆ ಕಾರ್ಯದರ್ಶಿಗಳು ಕೂತಿದ್ದರು. ನಲವತ್ತು ಪ್ರಶ್ನೆಗೆ ಒಂದೇ ಒಂದು ಸಲ, ತಮ್ಮದೇ ಉತ್ತರ ಕೊಟ್ಟು, ಅದನ್ನೇ ಉಳಿದ ಫೋನುಗಳಿಗೂ ಅಂಟಿಸಿ, ಚೀಟಿಗಳನ್ನು ಕಸಕ್ಕೆ ಹಾಕಿ, ಮಧ್ಯಾಹ್ನದ ಊಟಕ್ಕೆ ಎದ್ದಿದ್ದರು. ತನಗೆ ಬಂದ ಜ್ವರಕ್ಕೆ ಊರಿಗೆಲ್ಲ ಗಂಜಿ ಕಾಯಿಸಿದ ಹಾಗೆ.

ಕಾರ್ಯದರ್ಶಿಗಳು ಮನೆಯಲ್ಲಿ ಬೆಣ್ಣೆ ಸವರಿದ ಬ್ರೆಡ್ಡು ತಿನ್ನುತ್ತಿದ್ದರು. ಟೇಪಮ್ಮ ಹೇಳಿದ್ದನ್ನೆಲ್ಲ ಕೇಳಿ, ತುಟಿ ಒರೆಸಿಕೊಂಡರು.

"ಸೋಮವಾರದೊಳಗೆ ಹೆಸರು ಕೊಡ್ಬೇಕಿತ್ತಮ್ಮ. ಉದ್ದೇಶ ಒಳ್ಳೇದೇ ಇತ್ತಲ್ಲ? ಕಡಿಮೆ ತಿಂದ್ರೆ ಯಾರಿಗೆ ಕೆಟ್ಟದ್ದು?"

"ಆ ಹುಡುಗಿಗೆ. ಹಾಲು ಬತ್ತಿಹೋಗಿದೆ ಅವಳಿಗೆ. ನಿಮ್ಮ ಹೊಟ್ಟೆ ಇಳಿಸೋಕೆ ಅವಳು ಉಪವಾಸ ಇದ್ಲು ಸ್ವಾಮಿ. ನೀವಿಲ್ಲಿ ಬೆಣ್ಣೆ ತಿಂತಿದೀರ."

ಕಾರ್ಯದರ್ಶಿಗಳು ಬ್ರೆಡ್ಡನ್ನು ತಟ್ಟೆಗಿಟ್ಟರು. ಮುಖ ಸಣ್ಣದಾಯಿತು, ಅದೊಂದಾದರೂ ಆಯಿತಲ್ಲ. ಮರುದಿನವೇ ಸಭೆ ಕರೆದು ಎಲ್ಲವನ್ನೂ ತಿದ್ದಿಸುತ್ತೇನೆಂದರು. ಸಭೆಯೇನೋ ಕರೆದರು. ಆದರೆ ರಾತ್ರಿ ಕಳೆಯುವಷ್ಟರಲ್ಲಿ ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಪಳಗಿದ ಅವರ ತಲೆ ಕೆಲಸ ಮಾಡಿತ್ತು.

"ಒಂದು ತಾಂತ್ರಿಕ ತೊಡಕಾಗಿದೆ," ಎಂದರು ಸಭೆಯಲ್ಲಿ. "ಎಲ್ಲರ ಆರಂಭದ ಸೊಂಟವೂ ನಲವತ್ತನಾಲ್ಕು ಅಂತ ನಮೂದಾಗಿದೆ. ಬೇಕಾದವರು ಈಗಲೇ ತಿದ್ದಬಹುದು. ತಿದ್ದದೇ ಇದ್ದರೆ, ಆರು ತಿಂಗಳಾದಾಗ ಅಳೆಯೋದು ನಲವತ್ತನಾಲ್ಕರಿಂದ ಎಷ್ಟು ಇಳಿದಿದೆ ಅಂತ. ಯೋಚನೆ ಮಾಡಿ."

ಜನ ಯೋಚನೆ ಮಾಡಿದರು. ಆ ಕಟ್ಟಡದಲ್ಲಿ ನಲವತ್ತನಾಲ್ಕು ಮುಟ್ಟಿದ ಸೊಂಟ ಇನ್ನೊಂದಿರಲಿಲ್ಲ. ನಾಲ್ಕನೇ ಮಹಡಿಯವರೇ ಮೊದಲು ತಲೆಯಾಡಿಸಿದರು.

"ಹಾಗಾದ್ರೆ ನಾವು ಏನೂ ಮಾಡದೆ ಸಣ್ಣಗಾಗಿದೀವಿ," ಎಂದಳು ನರ್ಸಮ್ಮ ನಿಧಾನವಾಗಿ.

"ಮೂವತ್ತು ವರ್ಷ ಸೂಜಿ ಚುಚ್ಚಿದೋಳು ನೀನು. ನಿನಗೂ ನಾಚಿಕೆ ಆಗಲ್ವಾ?" ಎಂದಳು ಟೇಪಮ್ಮ.

"ಮಂಡಿ ನೋವು ಕಣೇ ನನಗೆ," ಎಂದಳು ನರ್ಸಮ್ಮ. ಅವಳ ಮಂಡಿ ನಿಜವಾಗಿಯೂ ಊದಿತ್ತು.

ತಿದ್ದಿದವಳು ಪುಟ್ಟಿ ಒಬ್ಬಳೇ. ಮೆಕ್ಯಾನಿಕ್ ಗಂಡ ಡಿಪೋದಿಂದ ಎಣ್ಣೆ ಕೈಯಲ್ಲೇ ಬಂದು, ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂತು, ನಲವತ್ತು ಪ್ರಶ್ನೆಯನ್ನೂ ಒಂದೊಂದಾಗಿ ಓದಿದ. ಪುಟ್ಟಿ ಉತ್ತರ ಹೇಳಿದಳು, ಅಳತೆ ಟೇಪಮ್ಮ ಹೇಳಿದಳು. ಇಪ್ಪತ್ತನೇ ಪ್ರಶ್ನೆಗೆ, ‘ನೀವು ಹಾಲುಣಿಸುತ್ತಿದ್ದೀರಾ?’ ಎಂದು ಬಂದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಕೇಳಬೇಕಾದ್ದನ್ನು ಫೋನು ಮೊದಲೇ ಕೇಳಿತ್ತು. ಉತ್ತರ ಕೊಟ್ಟವರಿಗೆ ಹಾಲುಣಿಸಿ ಅಭ್ಯಾಸವಿರಲಿಲ್ಲ, ಅಷ್ಟೆ.

ಉತ್ತರ ಮುಗಿದ ಕೂಡಲೇ ಹೊಸ ಸಲಹೆ ಬಂತು. ತೂಕ ಇಳಿಸಬೇಡಿ. ಹೊತ್ತಿಗೆ ಸರಿಯಾಗಿ ಮೂರು ಊಟ, ನಡುವೆ ಎರಡು ಸಲ ಏನಾದರೂ. ಮೊಟ್ಟೆ, ಬೇಳೆ, ಹಾಲು, ಸೊಪ್ಪು. ತಲೆಸುತ್ತು ಬಂದಿದ್ದರೆ ಇಂದೇ ವೈದ್ಯರನ್ನು ಕಾಣಿ.

"ಇಷ್ಟು ಹೇಳೋಕೆ ನಲವತ್ತು ಪ್ರಶ್ನೆ," ಎಂದು ಟೇಪಮ್ಮ ಮೂಗು ಮುರಿದಳು. ಆದರೂ ಪುಟ್ಟಿಯನ್ನು ಅಂದೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ರಕ್ತ ಕಡಿಮೆಯಿತ್ತು, ಮಾತ್ರೆ ಕೊಟ್ಟರು. ಆಮೇಲೆ ಕಾರ್ಖಾನೆಗೆ ಹೋಗುವ ಮುಂಚೆ ಪುಟ್ಟಿ ದಿನಾ ಅಂಗಡಿಯಲ್ಲಿ ಕೂತು ಎರಡು ಮೊಟ್ಟೆ ತಿಂದು ಹೋಗುವುದು ರೂಢಿಯಾಯಿತು. ಮೊಟ್ಟೆ ಬೇಯಿಸುತ್ತಿದ್ದವನು ಇಸ್ತ್ರಿಯವನು. ಹಾಲು ಪೂರ್ತಿ ಮರಳಲಿಲ್ಲ. ಅರ್ಧ ಡಬ್ಬಿ, ಅರ್ಧ ತಾಯಿ ಎಂಬಂತೆ ಮಗು ಬೆಳೆಯಿತು.

ಆರು ತಿಂಗಳಾದ ಮೇಲೆ ಕಂಪನಿಯಿಂದ ಒಬ್ಬ ಅಧಿಕಾರಿಣಿ ಟ್ಯಾಬು ಹಿಡಿದು ಬಂದಳು. ಅಳೆಯಲು ಕಟ್ಟಡದ ದರ್ಜಿಯೇ ಸಾಕು, ಅವರ ಟೇಪು ಎಲ್ಲರಿಗೂ ನಂಬಿಕೆ ಎಂದು ಕಾರ್ಯದರ್ಶಿಗಳು ಸೂಚಿಸಿದರು. ಟೇಪಮ್ಮ ಒಪ್ಪಿಕೊಂಡಳು. ಟೇಪಿನ ಜೊತೆಗೆ ತನ್ನ ರಟ್ಟಿನ ಪುಸ್ತಕವನ್ನೂ ಕಂಕುಳಲ್ಲಿ ಇಟ್ಟುಕೊಂಡು ಹಜಾರಕ್ಕೆ ಹೋದಳು.

ಮೂವತ್ತಾರು. ಮೂವತ್ತೊಂದು. ಮೂವತ್ತೆಂಟು. ಪ್ರತಿ ಅಳತೆಯನ್ನೂ ಅವಳು ಮೆಲ್ಲಗೆ ಹೇಳಿದಳು, ಅಧಿಕಾರಿಣಿಯ ಹುಬ್ಬು ಪ್ರತಿ ಸಲವೂ ಮೇಲೇರಿತು. ಎಂಟಿಂಚು ಇಳಿದಿದೆ. ಹದಿಮೂರು ಇಳಿದಿದೆ. ಕಂಬದಂತಿದ್ದ ಹೂವಿನಂಗಡಿಯವನದು ಹದಿನೇಳು ಇಳಿದಿತ್ತು. ಟೇಪಮ್ಮ ಜನ್ಮದಲ್ಲಿ ಇಷ್ಟು ಪ್ರಾಮಾಣಿಕವಾಗಿ ಅಳೆದಿರಲಿಲ್ಲ, ಇಷ್ಟು ದೊಡ್ಡ ಸುಳ್ಳಿಗೆ ಟೇಪು ಹಿಡಿದಿರಲೂ ಇಲ್ಲ. ಅರ್ಧ ಮುಗಿದಾಗ ತಡೆಯದೆ ಪುಸ್ತಕ ತೆರೆದು ಅಧಿಕಾರಿಣಿಯ ಮುಂದೆ ಹಿಡಿದಳು.

"ನೋಡಮ್ಮ. ಇದು ಇವರೆಲ್ಲರ ಹೋದ ವರ್ಷದ ಅಳತೆ. ಯಾರೂ ಇಳಿದಿಲ್ಲ. ಕೆಲವರು ಏರಿದಾರೆ. ನಿಮ್ಮ ಫೋನಲ್ಲಿರೋದು ಒಬ್ಬರೇ ಮನುಷ್ಯನ ಸೊಂಟ."

ಅಧಿಕಾರಿಣಿ ಪುಸ್ತಕದ ಕಡೆ ನೋಡಿದಳು, ಮುಟ್ಟಲಿಲ್ಲ.

"ಕೈಬರಹದ ದಾಖಲೆ ನಾವು ತಗೊಳ್ಳಲ್ಲ ಅಮ್ಮ. ನಮ್ಮಲ್ಲಿ ನಮೂದಾಗಿರೋದೇ ಆಧಾರ," ಎಂದು ನಕ್ಕಳು. "ಅರವತ್ತನಾಲ್ಕು ಮನೆಯಲ್ಲಿ ಇಂಥ ಫಲಿತಾಂಶ ನಾವು ಎಲ್ಲೂ ನೋಡಿಲ್ಲ. ಸಂತೋಷ ಪಡಿ."

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರು ಹಿಂದೆಯೂ ಇದ್ದರು. ಇವರು ಕರುವಿನ ತೂಕವನ್ನೂ ಬರೆದುಕೊಂಡು ಹೋದರು.

ತಿಂಗಳೊಳಗೆ ವರದಿ ಬಂತು. ಕಟ್ಟಡಕ್ಕೆ ಮೊದಲ ಬಹುಮಾನ. ಮೆಟ್ಟಿಲ ಪಕ್ಕದ ಗೋಡೆ ಒಡೆಯಲು ಕೆಲಸದವರು ಬಂದರು, ಟೇಪಮ್ಮನ ಬಟ್ಟೆಗಳ ಮೇಲೆಲ್ಲ ಸಿಮೆಂಟು ಧೂಳು ಕೂತಿತು. ವರದಿಯ ಪಟ್ಟಿಯನ್ನು ಹಜಾರದ ಗೋಡೆಗೆ ಅಂಟಿಸಿದ್ದರು. ಅರವತ್ತೆರಡು ಹೆಸರಿನ ಮುಂದೆ ಹಸಿರು ಗುರುತು. ಕೊನೆಯಲ್ಲಿ ‘ಯೋಜನೆಗೆ ಸ್ಪಂದಿಸದ ಸದಸ್ಯರು’ ಎಂದು ಬರೆದು ಕೆಂಪಕ್ಷರದಲ್ಲಿ ಇಬ್ಬರ ಹೆಸರು. ಒಬ್ಬಳು ಪುಟ್ಟಿ: ಇಪ್ಪತ್ತೈದರಿಂದ ಇಪ್ಪತ್ತೊಂಬತ್ತಕ್ಕೆ, ನಾಲ್ಕಿಂಚು ಏರಿಕೆ. ಇನ್ನೊಬ್ಬರು ಕಾರ್ಯದರ್ಶಿಗಳು: ನಲವತ್ತನಾಲ್ಕರಿಂದ ನಲವತ್ತೈದಕ್ಕೆ.

ಪುಟ್ಟಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಪಟ್ಟಿ ಓದಿ, ಬಹಳ ಹೊತ್ತು ನಕ್ಕಳು. ಅವಳ ನಗು ಕೇಳಿ ಟೇಪಮ್ಮನಿಗೂ ನಗು ಬಂತು. ಆದರೆ ಒಳಗೆ ಹೋಗಿ ಕೂತವಳು ಸಿಟ್ಟಿಗೆ ನೂಲನ್ನು ಹಲ್ಲಿನಿಂದಲೇ ಕಡಿದಳು.

ಕಾರ್ಯದರ್ಶಿಗಳು ಮುಂದಿನ ವಾರ ಕಂಕುಳಲ್ಲಿ ಒಂದು ಪ್ಯಾಂಟು ಮಡಚಿಕೊಂಡು ಬಂದರು. ಸ್ಪಂದಿಸದವರಿಗೆ ಕಂಪನಿ ವಿಶೇಷ ಗಮನ ಕೊಡುತ್ತಿತ್ತು. ದಿನಕ್ಕೆ ಮೂರು ಸಲ ಕರೆ ಮಾಡಿ ಏನು ತಿಂದಿರಿ ಎಂದು ಕೇಳುತ್ತಿತ್ತು. ಅವರು ಅಂಗಡಿಗೆ ಕಾಲಿಡುವಾಗಲೂ ಫೋನು ಬಡಿದುಕೊಳ್ಳುತ್ತಿತ್ತು. ಅವರು ಅದನ್ನು ಆರಿಸಿ ಜೇಬಿಗಿಟ್ಟರು.

"ಒಂದೆರಡಿಂಚು ಬಿಡಿಸಬೇಕಿತ್ತು."

ಟೇಪಮ್ಮ ಪರದೆ ಎಳೆದು, ಅಳೆದು, ತುಟಿ ಬಿಚ್ಚದೆ ಪುಸ್ತಕದಲ್ಲಿ ಬರೆದುಕೊಂಡಳು. ಕಾರ್ಯದರ್ಶಿಗಳು ಬಗ್ಗಿ ನೋಡಿದರು. ನಲವತ್ತಾರು. ಅವರ ಮುಖದ ಮೇಲೆ ಬೆವರು ಮೂಡಿತು.

"ಇದನ್ನ ಯಾರಿಗೂ ಹೇಳ್ಬೇಡಿ ತಾಯಿ," ಎಂದರು.

"ನಾನ್ಯಾಕೆ ಹೇಳ್ಲಿ?" ಎಂದು ಟೇಪಮ್ಮ ಪ್ಯಾಂಟಿನ ಹೊಲಿಗೆಗೆ ಕತ್ತರಿ ಹಾಕಿದಳು. "ಕೈಬರಹದ ದಾಖಲೆನ ಯಾರು ನಂಬ್ತಾರೆ?"

ಇಸ್ತ್ರಿ ಮೇಜಿನ ಕಡೆಯಿಂದ ಕೆಮ್ಮು ಕೇಳಿಸಿತು. ಗಂಡ ನಗು ನುಂಗುತ್ತಿದ್ದ.

"ಗುರುವಾರ ಬನ್ನಿ," ಎಂದಳು ಅವಳು. "ಮೆಟ್ಟಿಲಿಳಿದೇ ಬನ್ನಿ. ಲಿಫ್ಟು ಇನ್ನೂ ಆಗಿಲ್ಲ."